‘ನೆವರ್’ ಇಟ್ಟರೂ 10 ನಿಮಿಷಕ್ಕೆ ಟಿವಿ ಪರದೆ ಕಪ್ಪಾಗುತ್ತಿದೆ (ಲಿನಕ್ಸ್ ಮಿಂಟ್ ಸಿನಮನ್)

ಓದುಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದ ಓದುವ ಕೋಣೆಯಲ್ಲಿ ಗೋಡೆಗೆ 32 ಇಂಚಿನ ಎಲ್‌ಇಡಿ ಟಿವಿ ಹಾಕಿದ್ದೇವೆ. ಹೊಸದಾಗಿ ಬಂದ ಪುಸ್ತಕಗಳು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅರ್ಜಿ ಹಾಕಲು ಕಡೆಯ ದಿನ, ರಜೆಯ ಸೂಚನೆ ಇವೆಲ್ಲ ಅದರಲ್ಲಿ ಒಂದಾದ ಮೇಲೊಂದು ಬರುತ್ತಿರಬೇಕು. ಟಿವಿಗೆ ಸಿಗ್ನಲ್ ಕೊಡುತ್ತಿರುವುದು 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್, ಲಿನಕ್ಸ್ ಮಿಂಟ್ 21.3 (ಸಿನಮನ್ ಎಂಬ ಡೆಸ್ಕ್‌ಟಾಪ್), ಎಚ್‌ಡಿಎಂಐ ಕೇಬಲ್. ಫೈರ್‌ಫಾಕ್ಸ್ ಕಿಯಾಸ್ಕ್ ಮೋಡ್‌ನಲ್ಲಿ, ಅಂದರೆ ಪರದೆ ತುಂಬ, ಒಂದೇ ಪುಟ ತೆರೆದಿರುತ್ತದೆ. ಕೀಬೋರ್ಡ್, ಮೌಸ್ ಯಾರೂ ಮುಟ್ಟುವುದಿಲ್ಲ.

ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಪರದೆ ಆಫ್ ಆಗುವ ಸಮಯ ‘ನೆವರ್’ ಇದೆ. ಸಸ್ಪೆಂಡ್ ಕೂಡ ‘ನೆವರ್’. ಆದರೂ ಸರಿಯಾಗಿ 10 ನಿಮಿಷಕ್ಕೆ ಪರದೆ ಕಪ್ಪು. ಅಂತರ್ಜಾಲದಲ್ಲಿ ಸಿಕ್ಕ ‘ಐಡಲ್-ಡಿಲೇ ಸೊನ್ನೆ’ ಮಾಡುವ ಜಿಸೆಟ್ಟಿಂಗ್ಸ್ (ಡೆಸ್ಕ್‌ಟಾಪ್ ಸೆಟ್ಟಿಂಗ್ ಬದಲಿಸುವ) ಕಮಾಂಡ್ ಹಾಕಿದರೂ ವ್ಯತ್ಯಾಸವಿಲ್ಲ. ಅದೇ ಯಂತ್ರದಲ್ಲಿ ವಿಡಿಯೋ ಓಡಿಸಿದರೆ ಎಷ್ಟು ಹೊತ್ತಾದರೂ ಕಪ್ಪಾಗುವುದಿಲ್ಲ. ಏನು ಬಿಟ್ಟುಹೋಗಿದೆ?

ಇನ್ನೊಂದು: ಕೌಂಟರ್‌ನಲ್ಲಿ ಕೋಹಾ (ಗ್ರಂಥಾಲಯದ ತಂತ್ರಾಂಶ) ಬಳಸುವ ವಿಂಡೋಸ್ 10 ಗಣಕವಿದೆ. ಅದನ್ನು ಲಾಕ್ ಮಾಡಿದ 1 ನಿಮಿಷಕ್ಕೆ ಮಾನಿಟರ್ ಆಫ್ ಆಗುತ್ತದೆ. ಅದಕ್ಕೂ ದಾರಿ ಇದ್ದರೆ ತಿಳಿಸಿ.

---

ಹಳೇ ಕೀಬೋರ್ಡ್

ಇನ್ನಷ್ಟು ಸೆಟ್ಟಿಂಗ್ಸ್ ಬದಲಿಸುವ ಮೊದಲು, ಪರದೆಯನ್ನು ಕಪ್ಪು ಮಾಡುತ್ತಿರುವುದು ಯಾರು ಎಂದು ಹಿಡಿಯಬೇಕು. ಒಂದೇ ಕೋಣೆಯಲ್ಲಿ ನಾಲ್ಕು ಜನ ನಾಲ್ಕು ಅಲಾರಂ ಇಟ್ಟುಕೊಂಡ ಹಾಗೆ ಇದು. ಒಬ್ಬರದು ನಿಲ್ಲಿಸಿದ ಮಾತ್ರಕ್ಕೆ ಉಳಿದವು ನಿಲ್ಲುವುದಿಲ್ಲ. ಸ್ಕ್ರೀನ್‌ಸೇವರ್ ಒಂದು. ಸಿಗ್ನಲ್ಲನ್ನೇ ನಿಲ್ಲಿಸುವ ಡಿಪಿಎಂಎಸ್ ಎರಡನೆಯದು. ಇಡೀ ಗಣಕವನ್ನು ಮಲಗಿಸುವ ಸಸ್ಪೆಂಡ್ ಮೂರನೆಯದು. ಟಿವಿಯದೇ ಟೈಮರ್ ನಾಲ್ಕನೆಯದು.

ಕಪ್ಪಾದ ಪರದೆಯ ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ. ಲೈಟ್ ಆರಿಸಿದಾಗ ಕಪ್ಪಿನ ಹಿಂದೆ ಮಂದ ಬೂದು ಬೆಳಕು ಕಾಣುತ್ತಿದ್ದರೆ ಬ್ಯಾಕ್‌ಲೈಟ್ ಉರಿಯುತ್ತಿದೆ, ಸಿಗ್ನಲ್ ಬರುತ್ತಿದೆ, ಗಣಕ ಬರೀ ಕಪ್ಪು ಚಿತ್ರ ಕಳಿಸುತ್ತಿದೆ: ಸ್ಕ್ರೀನ್‌ಸೇವರ್. ಟಿವಿಯಲ್ಲಿ ‘ನೋ ಸಿಗ್ನಲ್’ ಬಂದು, ಮೌಸ್ ಅಲ್ಲಾಡಿಸಿದೊಡನೆ ಚಿತ್ರ ಮರಳಿದರೆ ಡಿಪಿಎಂಎಸ್. ಮಾನಿಟರ್ ಆಗಿದ್ದರೆ ಅದರ ಪುಟ್ಟ ದೀಪ ಬಣ್ಣ ಬದಲಿಸುತ್ತದೆ ಅಥವಾ ಮಿಣುಕುತ್ತದೆ. ಸಿಪಿಯು ಫ್ಯಾನಿನ ಸದ್ದು ನಿಂತು, ಪವರ್ ದೀಪ ನಿಧಾನಕ್ಕೆ ಮಿಣುಕುತ್ತಿದ್ದರೆ ಸಸ್ಪೆಂಡ್. ಆಗ ಬೇರೆ ಗಣಕದಿಂದ ಪಿಂಗ್ ಮಾಡಿದರೂ ಉತ್ತರ ಬರುವುದಿಲ್ಲ. ಮೌಸ್ ಎಷ್ಟು ಅಲ್ಲಾಡಿಸಿದರೂ ಏನೂ ಆಗದೆ ರಿಮೋಟ್ ಒತ್ತಿದರೆ ಮಾತ್ರ ಎದ್ದರೆ ತಪ್ಪು ಗಣಕದ್ದಲ್ಲ, ಟಿವಿಯದು.

ಇದಾದ ಮೇಲೆ ಟರ್ಮಿನಲ್‌ನಲ್ಲಿ ‘ಎಕ್ಸ್‌ಸೆಟ್ ಕ್ಯೂ’ ಹಾಕಿ, ‘ಸ್ಕ್ರೀನ್ ಸೇವರ್’ ಮತ್ತು ‘ಡಿಪಿಎಂಎಸ್’ ಭಾಗದಲ್ಲಿ ಏನಿದೆ ಹೇಳಿ. ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆಯುತ್ತಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು, ಬೇರೆ ಎಂದು ಹೇಳಿದ ಕಡೆ ಬಿಟ್ಟು.

ಜಿಸೆಟ್ಟಿಂಗ್ಸ್ ಕೆಲಸ ಮಾಡದಿರುವುದಕ್ಕೆ ಕಾರಣ ಬಹುಶಃ ಇದು. ಅಂತರ್ಜಾಲದಲ್ಲಿ ಸಿಗುವುದು ಉಬುಂಟುವಿನ (ಗ್ನೋಮ್ ಡೆಸ್ಕ್‌ಟಾಪ್ ಇರುವ ಇನ್ನೊಂದು ಲಿನಕ್ಸ್) ಕಮಾಂಡ್. ಅದರಲ್ಲಿ ‘ಆರ್ಗ್ ಡಾಟ್ ಗ್ನೋಮ್ ಡಾಟ್ ಡೆಸ್ಕ್‌ಟಾಪ್ ಡಾಟ್ ಸೆಷನ್’ ಎಂದಿರುತ್ತದೆ. ಸಿನಮನ್ ಆ ಜಾಗವನ್ನು ನೋಡುವುದೇ ಇಲ್ಲ. ನಿಮಗೆ ಬೇಕಾದದ್ದು ಗ್ನೋಮ್ ಇರುವಲ್ಲಿ ಸಿನಮನ್ ಎಂದಿರುವ ಕೀಲಿ. ತಪ್ಪು ಕೀಲಿಗೆ ಬೆಲೆ ಕೊಟ್ಟರೂ ಎರರ್ ಬರುವುದಿಲ್ಲ, ಏಕೆಂದರೆ ಮಿಂಟ್‌ನಲ್ಲಿ ಗ್ನೋಮ್‌ನ ಆ ಕೀಲಿಯೂ ಇರುತ್ತದೆ.

---

ಓದುಮನೆ

ಧನ್ಯವಾದ ಸರ್. ‘ನೋ ಸಿಗ್ನಲ್’ ಬರುತ್ತದೆ, ಮೌಸ್ ಮುಟ್ಟಿದ ತಕ್ಷಣ ಚಿತ್ರ ಮರಳುತ್ತದೆ. ಫ್ಯಾನ್ ಓಡುತ್ತಲೇ ಇರುತ್ತದೆ.

ಎಕ್ಸ್‌ಸೆಟ್ ಕ್ಯೂ ಕೊಟ್ಟದ್ದು: ಸ್ಕ್ರೀನ್ ಸೇವರ್ ಟೈಮ್‌ಔಟ್ 600, ಸೈಕಲ್ 600. ಡಿಪಿಎಂಎಸ್‌ನಲ್ಲಿ ಸ್ಟ್ಯಾಂಡ್‌ಬೈ 600, ಸಸ್ಪೆಂಡ್ 600, ಆಫ್ 600, ಕೊನೆಗೆ ‘ಡಿಪಿಎಂಎಸ್ ಈಸ್ ಎನೇಬಲ್ಡ್’.

---

ಹಳೇ ಕೀಬೋರ್ಡ್

ಹಾಗಿದ್ದರೆ ಸಿಕ್ಕಿತು. ಅಲ್ಲಿರುವ 600 ಸೆಕೆಂಡುಗಳಲ್ಲಿ, ಅಂದರೆ 10 ನಿಮಿಷ. ಇದು ಸಿನಮನ್ ಹಾಕಿದ್ದಲ್ಲ, ಅದರ ಕೆಳಗಿದ್ದು ಪರದೆಗೆ ಚಿತ್ರ ಬರೆಯುವ ಎಕ್ಸ್ ಸರ್ವರ್‌ನ ಹುಟ್ಟುಬೆಲೆ (ಡಿಫಾಲ್ಟ್). ಮೇಲಿನ ಸೆಟ್ಟಿಂಗ್ಸ್ ಕಿಟಕಿಯಲ್ಲಿ ‘ನೆವರ್’ ಇದ್ದರೂ ಕೆಳಗಿನದು ತನ್ನ ಪಾಡಿಗೆ ಎಣಿಸುತ್ತಿರಬಹುದು.

ಮೂರು ಕಮಾಂಡು, ಒಂದೊಂದಾಗಿ:

ಎಕ್ಸ್‌ಸೆಟ್ ಎಸ್ ಆಫ್
ಎಕ್ಸ್‌ಸೆಟ್ ಎಸ್ ನೋಬ್ಲ್ಯಾಂಕ್
ಎಕ್ಸ್‌ಸೆಟ್ -ಡಿಪಿಎಂಎಸ್

ಮೂರನೆಯದರಲ್ಲಿ ಅಡ್ಡಗೆರೆಗೂ ಡಿಪಿಎಂಎಸ್‌ಗೂ ನಡುವೆ ಜಾಗ ಬಿಡಬೇಡಿ. ಮತ್ತೆ ‘ಎಕ್ಸ್‌ಸೆಟ್ ಕ್ಯೂ’ ಹಾಕಿದರೆ ಟೈಮ್‌ಔಟ್ 0, ಡಿಪಿಎಂಎಸ್ ‘ಡಿಸೇಬಲ್ಡ್’ ಎಂದು ಬರಬೇಕು. ಸ್ಕ್ರೀನ್‌ಸೇವರ್, ಡಿಪಿಎಂಎಸ್ ಎರಡರಲ್ಲಿ ಒಂದನ್ನು ಮಾತ್ರ ಆಫ್ ಮಾಡಿ ಬಿಡುವುದು ತುಂಬ ಕಂಡುಬರುವ ತಪ್ಪು. ‘ಎಸ್ ಆಫ್’ ಮಾಡಿ ಡಿಪಿಎಂಎಸ್ ಬಿಟ್ಟರೆ ನಿಮ್ಮ ಈಗಿನ ತೊಂದರೆ ಹಾಗೇ ಉಳಿಯುತ್ತದೆ.

ಈ ಬದಲಾವಣೆ ಲಾಗ್‌ಔಟ್ ಆಗುವವರೆಗೆ ಮಾತ್ರ. ಶಾಶ್ವತ ಮಾಡಲು ಹೋಮ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಶೆಲ್‌ನ ಸಾಲು (‘#!/ಬಿನ್/ಎಸ್‌ಎಚ್’), ಆಮೇಲೆ ಈ ಮೂರು. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ‘ಪ್ರೋಗ್ರಾಂ ಆಗಿ ಓಡಲು ಬಿಡು’ ಎಂಬ ಪೆಟ್ಟಿಗೆಗೆ ಟಿಕ್ ಹಾಕಿ. ಬಳಿಕ ಮೆನುವಿನಲ್ಲಿ ‘ಸ್ಟಾರ್ಟಪ್ ಅಪ್ಲಿಕೇಶನ್ಸ್’ ತೆರೆದು, ಪ್ಲಸ್ ಒತ್ತಿ, ‘ಕಸ್ಟಮ್ ಕಮಾಂಡ್’ನಲ್ಲಿ ಆ ಫೈಲಿನ ದಾರಿ ಕೊಡಿ. ಅಲ್ಲೇ ‘ಸ್ಟಾರ್ಟಪ್ ಡಿಲೇ’ ಎಂಬ ಕಡೆ 20 ಸೆಕೆಂಡು ಹಾಕಿ. ಇದನ್ನು ಬಿಡಬೇಡಿ. ಸೆಷನ್ ಇನ್ನೂ ಏಳುತ್ತಿರುವಾಗಲೇ ಸ್ಕ್ರಿಪ್ಟ್ ಓಡಿಬಿಟ್ಟರೆ, ಹಿಂದಿನಿಂದ ಬರುವ ಪವರ್ ಸೇವೆ ತನ್ನ ಬೆಲೆಗಳನ್ನು ಮತ್ತೆ ಬರೆಯಬಹುದು. ‘ಕೈಯಲ್ಲಿ ಹಾಕಿದರೆ ಸರಿ, ರೀಸ್ಟಾರ್ಟ್ ಆದರೆ ಇಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

10 ನಿಮಿಷ ಕಾಯದೆ ಪರೀಕ್ಷೆ ಮಾಡಲು: ‘ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆಫ್’. ನಿಮ್ಮ ಟಿವಿಯಲ್ಲಿ ಡಿಪಿಎಂಎಸ್ ಆಫ್ ಹೇಗೆ ಕಾಣುತ್ತದೆ ಎಂದು ಅದು ಕೂಡಲೇ ತೋರಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಮೂರನೆಯ ಕಮಾಂಡನ್ನು ಇನ್ನೊಮ್ಮೆ ಹಾಕಿ, ‘ಫೋರ್ಸ್’ ಡಿಪಿಎಂಎಸ್ಸನ್ನು ಮತ್ತೆ ಚಾಲೂ ಮಾಡಿಬಿಡುತ್ತದೆ.

ಇಷ್ಟರ ಜೊತೆಗೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಕ್ರೀನ್‌ಸೇವರ್’ ಎಂಬ ಬೇರೆಯೇ ಕಿಟಕಿ ಇದೆ. ಅಲ್ಲಿ ಶುರುವಾಗುವ ಮುನ್ನಿನ ಡಿಲೇಯನ್ನೂ ‘ನೆವರ್’ ಮಾಡಿ. ಪವರ್ ಮ್ಯಾನೇಜ್‌ಮೆಂಟ್ ಕಿಟಕಿಗೆ ಇದರ ಸುದ್ದಿ ಗೊತ್ತಿರುವುದಿಲ್ಲ.

---

ಜಾಲತಾಣ ನೇಕಾರ

ವಿಡಿಯೋ ಓಡುವಾಗ ಯಾಕೆ ಕಪ್ಪಾಗುವುದಿಲ್ಲ ಎಂಬುದಕ್ಕೆ ಉತ್ತರ: ವಿಡಿಯೋ ನಡೆಯುವಷ್ಟು ಹೊತ್ತು ‘ಪರದೆ ಆರಿಸಬೇಡ’ ಎಂದು ಬ್ರೌಸರ್ ತಾನೇ ಡೆಸ್ಕ್‌ಟಾಪ್‌ಗೆ ಹೇಳುತ್ತದೆ. ಚಿತ್ರಗಳು ಬದಲಾಗುವ ಪುಟಕ್ಕೆ ಹಾಗೆ ಹೇಳುವುದಿಲ್ಲ, ಎಷ್ಟೇ ಚಲನೆ ಇದ್ದರೂ. ಸಿಸ್ಟಂ ಎಣಿಸುವುದು ಕೀಬೋರ್ಡ್-ಮೌಸ್ ಮುಟ್ಟದ ಸಮಯವನ್ನು, ಪರದೆಯ ಮೇಲೆ ಏನು ಕುಣಿಯುತ್ತಿದೆ ಎಂಬುದನ್ನಲ್ಲ.

ಆ ಪುಟವನ್ನು ನೀವೇ ಬರೆದಿದ್ದರೆ ‘ಸ್ಕ್ರೀನ್ ವೇಕ್ ಲಾಕ್’ ಎಂಬ ಸೌಲಭ್ಯವನ್ನು ಜಾವಾಸ್ಕ್ರಿಪ್ಟ್‌ನಿಂದ ಕೇಳಬಹುದು. ಕ್ರೋಮ್‌ನಲ್ಲಿ 84ನೇ ಆವೃತ್ತಿಯಿಂದ (2020), ಫೈರ್‌ಫಾಕ್ಸ್‌ನಲ್ಲಿ 126ರಿಂದ (2024) ಇದೆ. ಪುಟ ಎಚ್‌ಟಿಟಿಪಿಎಸ್‌ನಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಇರಬೇಕು. ಕಚೇರಿಯ ಇನ್ನೊಂದು ಗಣಕದಿಂದ ಬರೀ ಎಚ್‌ಟಿಟಿಪಿಯಲ್ಲಿ ತೆರೆದರೆ ಸಿಗುವುದಿಲ್ಲ. ಟ್ಯಾಬ್ ಮರೆಯಾದ ಕ್ಷಣ ಲಾಕ್ ಕಳಚಿಕೊಳ್ಳುತ್ತದೆ, ಟ್ಯಾಬ್ ಮತ್ತೆ ಕಂಡಾಗ ನೀವೇ ಮತ್ತೆ ಕೇಳಬೇಕು. ಆ ‘ವಿಸಿಬಿಲಿಟಿ ಚೇಂಜ್’ ಭಾಗ ಬರೆಯದವರ ಪುಟ ಮೊದಲ ದಿನ ಕೆಲಸ ಮಾಡಿ ಆಮೇಲೆ ಕೈಕೊಡುತ್ತದೆ.

ಆದರೂ ಗೋಡೆಯ ಟಿವಿಗೆ ನನ್ನ ಆಯ್ಕೆ ಎಕ್ಸ್‌ಸೆಟ್ ದಾರಿಯೇ. ಬ್ರೌಸರ್ ಕ್ರ್ಯಾಶ್ ಆದರೂ ಪರದೆ ಉರಿಯುತ್ತಿರುತ್ತದೆ, ಎರರ್ ಯಾರ ಕಣ್ಣಿಗಾದರೂ ಬೀಳುತ್ತದೆ. ಮೌಸನ್ನು ತಾನಾಗಿ ಅಲ್ಲಾಡಿಸುವ ಉಪಕರಣ, ತಂತ್ರಾಂಶಗಳ ಗೊಡವೆಗೆ ಹೋಗಬೇಡಿ. ಬಾಣದ ಗುರುತು ಸೂಚನೆಯ ಮೇಲೇ ಬಂದು ಕೂರುತ್ತದೆ. ಮೂಲ ಕಾರಣವೂ ಹಾಗೇ ಉಳಿಯುತ್ತದೆ.

---

ಸಹ್ಯಾದ್ರಿ_ಪೈ

ಇದೇ ಕೆಲಸಕ್ಕೆ ರಾಸ್ಪ್‌ಬೆರಿ ಪೈ (ಅಂಗೈಯಗಲದ ಗಣಕ) ಅಥವಾ ಹೊಸ ಉಬುಂಟು ಬಳಸುವವರಿಗೆ: ಮೇಲಿನ ಎಕ್ಸ್‌ಸೆಟ್ ಕಮಾಂಡುಗಳು ಎಕ್ಸ್11 (ಮೇಲಿನ ಎಕ್ಸ್ ಸರ್ವರ್) ಸೆಷನ್‌ಗೆ ಮಾತ್ರ. ಅದರ ಬದಲಿಗೆ ಬಂದಿರುವ ವೇಲ್ಯಾಂಡ್‌ನಲ್ಲಿ ಕಮಾಂಡ್ ಎರರ್ ಇಲ್ಲದೆ ಓಡಿದಂತೆ ಕಂಡರೂ ಪರದೆಯ ಮೇಲೆ ಪರಿಣಾಮ ಇರುವುದಿಲ್ಲ. ಯಾವ ಸೆಷನ್ ಎಂದು ನೋಡಲು ‘ಎಕೋ’, ಆಮೇಲೆ ಡಾಲರ್ ಗುರುತಿಗೆ ಅಂಟಿಸಿ ‘ಎಕ್ಸ್‌ಡಿಜಿ_ಸೆಷನ್_ಟೈಪ್’ (ಇದು ಪೂರ್ತಿ ದೊಡ್ಡಕ್ಷರ).

ಪೈನಲ್ಲಿ: ‘ಸುಡೊ ರಾಸ್ಪಿ-ಕಾನ್ಫಿಗ್’, ಡಿಸ್‌ಪ್ಲೇ ಆಪ್ಷನ್ಸ್, ಸ್ಕ್ರೀನ್ ಬ್ಲ್ಯಾಂಕಿಂಗ್, ‘ನೋ’, ರೀಬೂಟ್. ಉಬುಂಟುವಿನಲ್ಲಿ: ಸೆಟ್ಟಿಂಗ್ಸ್, ಪವರ್, ಸ್ಕ್ರೀನ್ ಬ್ಲ್ಯಾಂಕ್, ‘ನೆವರ್’. ಅಲ್ಲಿ ಹುಟ್ಟುಬೆಲೆ 5 ನಿಮಿಷ. ಓದುಮನೆಯವರು ಮೊದಲು ಹಾಕಿದ ಗ್ನೋಮ್ ಕಮಾಂಡ್ ಉಬುಂಟುವಿನಲ್ಲಾದರೆ ಸರಿಯಾದದ್ದೇ.

ಡೆಸ್ಕ್‌ಟಾಪ್ ಇಲ್ಲದ ಬರೀ ಅಕ್ಷರದ ಕನ್ಸೋಲ್ ಆದರೆ ಕರ್ನೆಲ್‌ನ (ಲಿನಕ್ಸ್‌ನ ತಿರುಳು) ‘ಕನ್ಸೋಲ್‌ಬ್ಲ್ಯಾಂಕ್’ ನೋಡಿ. 4.12ಕ್ಕಿಂತ ಹಳೆಯ ಕರ್ನೆಲ್‌ಗಳಲ್ಲಿ ಅದು 600 ಸೆಕೆಂಡು ಇರುತ್ತಿತ್ತು, ಆಮೇಲಿನವುಗಳಲ್ಲಿ ಸೊನ್ನೆ.

---

ಕಿಟಕಿ ಕಾಯುವವ

ಕೌಂಟರ್‌ನ ವಿಂಡೋಸ್ ಬಗ್ಗೆ. ಆ 1 ನಿಮಿಷ ಬರುವುದು ‘ಕನ್ಸೋಲ್ ಲಾಕ್ ಡಿಸ್‌ಪ್ಲೇ ಆಫ್ ಟೈಮ್‌ಔಟ್’ ಎಂಬ ಬೇರೆಯೇ ಸೆಟ್ಟಿಂಗ್‌ನಿಂದ. ಲಾಕ್ ಆಗಿರುವಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಅದರ ಹುಟ್ಟುಬೆಲೆಯೇ 1 ನಿಮಿಷ, ಮತ್ತು ಅದನ್ನು ಮರೆಮಾಡಿ ಇಟ್ಟಿರುತ್ತಾರೆ. ಆದ್ದರಿಂದ ‘ಪವರ್ ಅಂಡ್ ಸ್ಲೀಪ್’ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಹಾಕಿ: ‘ಪವರ್‌ಸಿಎಫ್‌ಜಿ -ಆ್ಯಟ್ರಿಬ್ಯೂಟ್ಸ್ ಸಬ್_ವಿಡಿಯೋ ವಿಡಿಯೋಕಾನ್‌ಲಾಕ್ -ಆ್ಯಟ್ರಿಬ್_ಹೈಡ್’. ಕೊನೆಯ ತುಂಡಿನ ಹಿಂದೆ ಮೈನಸ್ ಇರುವುದು ‘ಮರೆಮಾಡಿದ್ದನ್ನು ತೆಗೆ’ ಎಂದು ಹೇಳಲು. ಪ್ಲಸ್ ಹಾಕಿದರೆ ಮತ್ತೆ ಮರೆಯಾಗುತ್ತದೆ. ನಂತರ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಡಿಸ್‌ಪ್ಲೇ. ಅಲ್ಲಿ ಹೊಸ ಸಾಲು ಕಾಣುತ್ತದೆ. ಬೇಕಾದಷ್ಟು ನಿಮಿಷ ಹಾಕಿ.

ಹತ್ತಿರದ ಇನ್ನೆರಡು ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಸ್ಕ್ರೀನ್ ಸೇವರ್‌ನಲ್ಲಿ ‘ಬ್ಲ್ಯಾಂಕ್’ ಆಯ್ಕೆಯಾಗಿದ್ದರೆ ಪವರ್ ಸೆಟ್ಟಿಂಗ್ ಏನೇ ಇರಲಿ ಪರದೆ ಕಪ್ಪಾಗುತ್ತದೆ, ಅದನ್ನು ‘ನನ್’ ಮಾಡಿ. ಇನ್ನು ಇಲಾಖೆ, ಕಾಲೇಜಿನ ಡೊಮೈನ್‌ಗೆ ಸೇರಿದ ಗಣಕದಲ್ಲಿ ‘ಮೆಷಿನ್ ಇನ್‌ಆ್ಯಕ್ಟಿವಿಟಿ ಲಿಮಿಟ್’ ಎಂಬ ಭದ್ರತಾ ನೀತಿ ಸೆಕೆಂಡುಗಳಲ್ಲಿ ಇಟ್ಟಿರುತ್ತಾರೆ. ಆಯ್ಕೆಗಳು ಮಾಸಿದ ಬಣ್ಣದಲ್ಲಿ ಕಂಡು ಬದಲಿಸಲು ಆಗದಿದ್ದರೆ ಹೆಚ್ಚಾಗಿ ಇಂಥ ನೀತಿಯೇ ಕಾರಣ. ಅದನ್ನು ನೋಡಿಕೊಳ್ಳುವವರ ಹತ್ತಿರ ಕೇಳಿಯೇ ಬದಲಿಸಬೇಕು, ರಿಜಿಸ್ಟ್ರಿ ತಿದ್ದಿ ದಾಟಬಾರದು.

ಒಂದು ಮಾತು ಖಡಾಖಂಡಿತ: ಕೌಂಟರ್ ಗಣಕದ ಲಾಕ್ ತೆಗೆಯಬೇಡಿ. ಕೋಹಾದಲ್ಲಿ ಓದುಗರ ವಿಳಾಸ, ಫೋನ್ ನಂಬರ್, ಯಾರು ಯಾವ ಪುಸ್ತಕ ಒಯ್ದರು ಎಲ್ಲ ಇರುತ್ತದೆ. ಪರದೆ ಬೆಳಗುತ್ತಿರಲಿ, ಲಾಕ್ ಇರಲಿ. ಎರಡೂ ಒಟ್ಟಿಗೆ ಸಾಧ್ಯ, ಮೇಲಿನ ಸೆಟ್ಟಿಂಗ್ ಇರುವುದೇ ಅದಕ್ಕೆ. ಇದರ ಜೊತೆಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆ ಗಣಕದ ಮುಂದಿನ ಯೋಚನೆಯನ್ನೂ ಮಾಡಿ.

---

ಓದುಮನೆ

10 ನಿಮಿಷದ ತೊಂದರೆ ಹೋಯಿತು, ರೀಸ್ಟಾರ್ಟ್ ಮಾಡಿದರೂ ಸರಿಯಿದೆ. 20 ಸೆಕೆಂಡಿನ ಡಿಲೇ ಹಾಕಿದ್ದೇನೆ. ವಿಂಡೋಸ್‌ನದೂ ಆಯಿತು, ಲಾಕ್ ಹಾಗೇ ಇದೆ.

ಈಗ ಹೊಸದು. ಬೆಳಿಗ್ಗೆ 9ಕ್ಕೆ ಟಿವಿ ಹಚ್ಚಿದರೆ ಮಧ್ಯಾಹ್ನ 1ಕ್ಕೆ ಆರಿಹೋಗುತ್ತದೆ. ‘ನೋ ಸಿಗ್ನಲ್’ ಬರುವುದಿಲ್ಲ, ಕೆಂಪು ದೀಪ ಮಾತ್ರ. ಜೊತೆಗೆ, ಕರೆಂಟ್ ಹೋಗಿ ಬಂದಾಗ ಗಣಕ ತಾನಾಗಿ ಆನ್ ಆಗುವುದಿಲ್ಲ. ಕೆಲವೊಮ್ಮೆ ಆನ್ ಮಾಡಿದರೂ ಟಿವಿಗೆ ಚಿತ್ರ ಬರುವುದಿಲ್ಲ.

---

ಹಳೇ ಕೀಬೋರ್ಡ್

ಕೆಂಪು ದೀಪ, ಸರಿಯಾಗಿ 4 ಗಂಟೆ: ಇದು ನಾಲ್ಕನೆಯ ಅಲಾರಂ. ರಿಮೋಟ್ ಒತ್ತಿ 4 ಗಂಟೆಯಾದರೆ ಟಿವಿ ತಾನೇ ಆರಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿದೆ. ಅದೇ ಸೌಲಭ್ಯ ಇಲ್ಲಿ ಮಾರುವ ಎಷ್ಟೋ ಟಿವಿಗಳಲ್ಲೂ ಇರುತ್ತದೆ. ಟಿವಿಯ ಮೆನುವಿನಲ್ಲಿ ‘ಆಟೋ ಪವರ್ ಆಫ್’, ‘ಎನರ್ಜಿ ಸೇವಿಂಗ್’, ‘ಇಕೋ’, ‘ಟೈಮರ್’ ಈ ಹೆಸರುಗಳಡಿ ಹುಡುಕಿ ಆಫ್ ಮಾಡಿ. ‘ಸಿಗ್ನಲ್ ಇಲ್ಲದಿದ್ದರೆ ಆಫ್’ ಎಂಬುದು ಬೇರೆ, ಅದು ಇರಲಿ, ರಾತ್ರಿ ಉಪಯೋಗಕ್ಕೆ ಬರುತ್ತದೆ.

ಕರೆಂಟ್ ಬಂದಾಗ ಗಣಕ ಏಳಲು ಬಯಾಸ್‌ಗೆ (ಮದರ್‌ಬೋರ್ಡಿನದೇ ಸೆಟ್ಟಿಂಗ್ಸ್) ಹೋಗಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಿರಿ. ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ‘ಆಫ್ಟರ್ ಪವರ್ ಫೇಲ್ಯೂರ್’ ಎಂದಿರುವಲ್ಲಿ ‘ಪವರ್ ಆನ್’ ಕೊಡಿ. ‘ಲಾಸ್ಟ್ ಸ್ಟೇಟ್’ ಎಂಬ ಆಯ್ಕೆಯೂ ಇದ್ದರೆ ಅದೇ ಒಳ್ಳೆಯದು: ನೀವೇ ಆಫ್ ಮಾಡಿ ಹೋದ ರಾತ್ರಿ ಕರೆಂಟ್ ಹೋಗಿ ಬಂದರೂ ಅದು ಸುಮ್ಮನಿರುತ್ತದೆ. ಬಯಾಸ್‌ನಲ್ಲಿ ಮಾಡಿದ ಬದಲಾವಣೆ ಉಳಿಯದೆ ಗಡಿಯಾರವೂ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ನಾಣ್ಯದ ಬ್ಯಾಟರಿ ಖಾಲಿಯಾಗಿದೆ, ಬದಲಿಸಿ.

ಚಿತ್ರ ಬಾರದಿರುವುದಕ್ಕೆ ಕಾರಣ: ಗಣಕ ಏಳುವಾಗ ಎಚ್‌ಡಿಎಂಐ ತಂತಿಯ ಆ ತುದಿಯಲ್ಲಿ ಯಾವ ಪರದೆ ಇದೆ ಎಂದು ಕೇಳುತ್ತದೆ. ಟಿವಿ ಗೋಡೆಯ ಸ್ವಿಚ್‌ನಲ್ಲೇ ಆಫ್ ಆಗಿದ್ದರೆ ಉತ್ತರ ಬರುವುದಿಲ್ಲ. ಪರದೆಯೇ ಇಲ್ಲ ಎಂದುಕೊಂಡು ಗಣಕ ಸಿಗ್ನಲ್ ಕಳಿಸದೆ ಇರಬಹುದು. ಟಿವಿ ಮೊದಲು, ಗಣಕ ಆಮೇಲೆ ಹಚ್ಚುವುದು ಸುಲಭದ ದಾರಿ. ಖಾತ್ರಿಯಾಗಿ ಬೇಕೆಂದರೆ ಕರ್ನೆಲ್‌ಗೇ ಹೇಳಬೇಕು. ಚಿತ್ರ ಸರಿಯಾಗಿರುವಾಗ ‘ಎಕ್ಸ್‌ರ‍್ಯಾಂಡ್‌ಆರ್’ ಹಾಕಿ, ನಕ್ಷತ್ರದ ಗುರುತಿರುವ ರೆಸಲ್ಯೂಶನ್ ಬರೆದುಕೊಳ್ಳಿ. ಪೋರ್ಟಿನ ಹೆಸರನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ. ಎಕ್ಸ್‌ರ‍್ಯಾಂಡ್‌ಆರ್ ‘ಎಚ್‌ಡಿಎಂಐ-1’ ಎನ್ನುವುದನ್ನು ಕರ್ನೆಲ್ ‘ಎಚ್‌ಡಿಎಂಐ-ಎ-1’ ಎನ್ನುತ್ತದೆ. ಸರಿಯಾದ ಹೆಸರು /ಸಿಸ್/ಕ್ಲಾಸ್/ಡಿಆರ್‌ಎಂ ಫೋಲ್ಡರ್‌ನಲ್ಲಿದೆ.

ಈಗ ಗಣಕ ಏಳುವಾಗಿನ ಸೆಟ್ಟಿಂಗ್ ಇರುವ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ‘ಕ್ವಯಟ್ ಸ್ಪ್ಲ್ಯಾಶ್’ ಇರುವ ಸಾಲಿನಲ್ಲಿ, ಉದ್ಧರಣ ಚಿಹ್ನೆಯ ಒಳಗೇ, ಒಂದು ಜಾಗ ಬಿಟ್ಟು ‘ವಿಡಿಯೋ=ಎಚ್‌ಡಿಎಂಐ-ಎ-1:1920ಎಕ್ಸ್1080@60ಡಿ’ ಸೇರಿಸಿ. ಎಚ್‌ಡಿಎಂಐ, ಎ, ಕೊನೆಯ ಡಿ ದೊಡ್ಡಕ್ಷರ. ನಡುವಿನ ಎಕ್ಸ್ ಸಣ್ಣಕ್ಷರ. ‘ಟಿವಿ ಉತ್ತರಿಸದಿದ್ದರೂ ಡಿಜಿಟಲ್ ಸಿಗ್ನಲ್ ಕಳಿಸು’ ಎನ್ನುವುದು ಆ ಡಿ. ಸೇವ್ ಮಾಡಿ, ‘ಸುಡೊ ಅಪ್‌ಡೇಟ್-ಗ್ರಬ್’, ರೀಬೂಟ್. 32 ಇಂಚಿನ ಎಷ್ಟೋ ಟಿವಿಗಳು ಪೂರ್ತಿ ಎಚ್‌ಡಿ ಅಲ್ಲ, ಆದ್ದರಿಂದ ನನ್ನ 1920ನ್ನು ಹಾಗೇ ನಕಲು ಮಾಡದೆ ನೀವು ಬರೆದುಕೊಂಡ ಅಂಕಿ ಹಾಕಿ.

---

ಸಹ್ಯಾದ್ರಿ_ಪೈ

ರಾತ್ರಿಯದ್ದೂ ನೋಡಿಕೊಳ್ಳಿ. ಪರದೆ ಆರದಂತೆ ಮಾಡಿದ ಮೇಲೆ ಆರಿಸುವ ಕೆಲಸ ನಮ್ಮ ತಲೆಗೇ ಬರುತ್ತದೆ. ಟಿವಿ, ಗಣಕ ಸೇರಿ 100 ವ್ಯಾಟ್ ಎಂದಿಟ್ಟುಕೊಂಡರೆ, ರಾತ್ರಿ 8.15ರಿಂದ ಬೆಳಿಗ್ಗೆ 8.45ರವರೆಗಿನ ಹನ್ನೆರಡೂವರೆ ಗಂಟೆಗೆ 1.25 ಯೂನಿಟ್, ತಿಂಗಳಿಗೆ ಸುಮಾರು 37 ಯೂನಿಟ್ ಯಾರೂ ನೋಡದ ಪರದೆಗೆ ಹೋಗುತ್ತದೆ.

ರೂಟ್‌ನ (ಮುಖ್ಯ ಬಳಕೆದಾರನ) ಕ್ರಾನ್‌ಟ್ಯಾಬ್‌ನಲ್ಲಿ, ಅಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪಟ್ಟಿಯಲ್ಲಿ, 20.15ಕ್ಕೆ ‘ಆರ್‌ಟಿಸಿವೇಕ್ -ಎಂ ಆಫ್ -ಎಸ್ 45000’ ಓಡುವಂತೆ ಹಾಕಿ. ಗಣಕ ಆಫ್ ಆಗಿ, 45,000 ಸೆಕೆಂಡು ಕಳೆದು ಬೆಳಿಗ್ಗೆ 8.45ಕ್ಕೆ ಏಳುತ್ತದೆ. ಮೊದಲು 45000 ಬದಲು 300 ಕೊಟ್ಟು, ಎದುರಿಗೇ ನಿಂತು ಪರೀಕ್ಷಿಸಿ. ಕೆಲವು ಹಳೆಯ ಮದರ್‌ಬೋರ್ಡ್‌ಗಳಲ್ಲಿ ಆಫ್ ಆದ ಮೇಲೆ ಏಳುವುದಿಲ್ಲ. ಹಾಗಾದರೆ ಬಯಾಸ್‌ನಲ್ಲಿ ‘ಆರ್‌ಟಿಸಿ ಅಲಾರಂ’ ಅಥವಾ ‘ರೆಸ್ಯೂಮ್ ಬೈ ಅಲಾರಂ’ ಹುಡುಕಿ ಸಮಯ ಅಲ್ಲೇ ಕೊಡಿ. ಆದರೆ ಲಿನಕ್ಸ್ ಬಯಾಸ್ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ನಮ್ಮ 8.45 ಅಲ್ಲಿ 3.15 ಆಗಿರುತ್ತದೆ. ಗಣಕ ಏಳುವಾಗ ಟಿವಿ ಸ್ಟ್ಯಾಂಡ್‌ಬೈನಲ್ಲಿರುತ್ತದೆ, ಮೇಲೆ ಹೇಳಿದ ‘ಡಿ’ ಆಗ ಕೆಲಸಕ್ಕೆ ಬರುತ್ತದೆ. ಬಾಗಿಲು ತೆರೆಯುವವರು ರಿಮೋಟ್ ಒಂದು ಒತ್ತಿದರೆ ಸಾಕು.

ಹಗಲಿಡೀ ಒಂದೇ ಜಾಗದಲ್ಲಿ ನಿಲ್ಲುವ ಲಾಂಛನ, ತಲೆಬರಹ ಇದ್ದರೆ ಪುಟದಲ್ಲಿ ಅದರ ಜಾಗವನ್ನು ಆಗಾಗ ಬದಲಿಸಿ, ಬ್ಯಾಕ್‌ಲೈಟನ್ನು ಅರ್ಧಕ್ಕಿಳಿಸಿ. ಒಂದೇ ಚಿತ್ರ ತುಂಬ ಹೊತ್ತು ನಿಂತು ಎಲ್‌ಇಡಿ ಟಿವಿಯಲ್ಲಿ ಉಳಿಯುವ ನೆರಳು ಸಾಮಾನ್ಯವಾಗಿ ಕೆಲ ಹೊತ್ತಿಗೆ ಮಾಯುತ್ತದೆ. ಓಎಲ್‌ಇಡಿಯಲ್ಲಿ ಕೂತ ಗುರುತು ಮಾಯುವುದಿಲ್ಲ, ಸೂಚನಾಫಲಕಕ್ಕೆ ಅದನ್ನು ಹಾಕಲೇಬೇಡಿ.